ಲೇಸು ಬಿಚ್ಚುವಷ್ಟರಲ್ಲಿ

ಬೂಟಿನ ದಾರಕ್ಕೆ ಲೇಸು ಎಂಬ ಹೆಸರು ಕನ್ನಡದಲ್ಲಿ ಹುಟ್ಟಿದ್ದಲ್ಲ. ಹುಟ್ಟಿದ್ದರೆ ಅದು ವ್ಯಂಗ್ಯಕ್ಕೆಂದೇ ಇಟ್ಟ ಹೆಸರಾಗಿರುತ್ತಿತ್ತು. ವಚನಕಾರರು ಯಾವುದನ್ನು ಲೇಸೆಂದು ಕರೆದರೋ ಅದಕ್ಕೂ, ಕಳೆದ ಶ್ರಾವಣದಲ್ಲಿ ನಾನು ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ಬೂಟಿನ ಏಳು ಜೊತೆ ತೂತುಗಳಲ್ಲಿ ಹಾದುಹೋಗಿದ್ದ ಆ ದಾರಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ನಾನು ಒಂದೇ ದಿನದಲ್ಲಿ, ಒಂದೊಂದು ದೇವಾಲಯದ ಮೆಟ್ಟಿಲ ಮೇಲೂ ಕುಳಿತು ಕಲಿತೆ.

ನಮ್ಮ ಬಡಾವಣೆಯ ಹದಿನೇಳು ಮಂದಿ ಸೇರಿ ಒಂದು ಟಿ.ಟಿ. ವಾಹನ ಗೊತ್ತುಮಾಡಿ ಎಲ್ಲಿಗಾದರೂ ಹೋಗಿ ಬರಬೇಕೆಂದು ನಿಶ್ಚಯವಾದಾಗ, ಎಲ್ಲಿಗೆ ಎಂಬ ಪ್ರಶ್ನೆಗೆ ಹೆಚ್ಚಿನವರ ಬಾಯಲ್ಲಿ ಬಂದದ್ದು ಬೇಲೂರು, ಹಳೇಬೀಡು. ಆದರೆ ವಿವರಣೆ ಕೊಡಲು ಒಪ್ಪಿಕೊಂಡಿದ್ದ ನಿವೃತ್ತ ಇತಿಹಾಸದ ಮೇಷ್ಟ್ರು ಆ ಸಲಹೆಯನ್ನು ಕೈಬೀಸಿ ತಳ್ಳಿಹಾಕಿದರು. ಬೇಲೂರಿನಲ್ಲಿ ಮದನಿಕೆಯರನ್ನು ಕಡೆದ ದಾಸೋಜ, ಅವನ ಮಗ ಚಾವಣ ಇಬ್ಬರೂ ನಮ್ಮ ಬಳ್ಳಿಗಾವಿಯವರಾಗಿರುವಾಗ, ಶಿಲ್ಪಿಗಳ ತವರನ್ನು ಬಿಟ್ಟು ಅವರು ಕೆಲಸಕ್ಕೆ ಹೋದ ಊರಿಗೆ ಓಡುವುದೇಕೆ ಎಂದು ಅವರು ಕೇಳಿದಾಗ ಯಾರಲ್ಲೂ ಉತ್ತರವಿರಲಿಲ್ಲ. ಹೀಗೆ ಬಳ್ಳಿಗಾವಿ, ತಾಳಗುಂದ, ಕೆಳದಿ, ಇಕ್ಕೇರಿ ಎಂದು ಪಟ್ಟಿ ಸಿದ್ಧವಾಯಿತು. ಪ್ರತಿ ಸ್ಥಳಕ್ಕೂ ಇಷ್ಟೇ ನಿಮಿಷವೆಂದು ಮೇಷ್ಟ್ರು ಬರೆದಿಟ್ಟರು. ಶಿವಪ್ಪನಾಯಕನ ಶಿಸ್ತು ಭೂಕಂದಾಯಕ್ಕೆ ಸಂಬಂಧಿಸಿದ್ದು. ಮೇಷ್ಟ್ರ ಶಿಸ್ತು ಕೈಗಡಿಯಾರಕ್ಕೆ ಸಂಬಂಧಿಸಿದ್ದು. ಎರಡರಲ್ಲೂ ರಿಯಾಯಿತಿ ಕೇಳುವುದು ಕಷ್ಟ.

ಮಳೆಗಾಲದ ಮಲೆನಾಡಿನಲ್ಲಿ ಹುಲ್ಲಿನ ಮೇಲೆ ಕಾಲಿಟ್ಟರೆ ಉಂಬಳ ಹತ್ತುವುದು ನಿಶ್ಚಿತವೆಂದು ನಾನು ಕಣಕಾಲು ಮುಚ್ಚುವ ಬೂಟು ಕೊಂಡೆ. ನನ್ನ ಹೆಂಡತಿ ಅದನ್ನು ಎತ್ತಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿ, "ಹೋಗುತ್ತಿರುವುದು ದೇವಸ್ಥಾನಗಳಿಗೆ. ಇದನ್ನು ಎಷ್ಟು ಸಲ ಬಿಚ್ಚುತ್ತೀರಿ, ಎಷ್ಟು ಸಲ ಕಟ್ಟುತ್ತೀರಿ?" ಎಂದಳು. ಇಂತಹ ಪ್ರಶ್ನೆಗಳನ್ನು ಅಂಗಡಿಗೆ ಹೋಗುವ ಮೊದಲು ಕೇಳಬೇಕೆಂದು ಹೇಳಿ ನಾನು ಚರ್ಚೆಯನ್ನು ಮುಗಿಸಿದೆ. ಅವಳು ರಬ್ಬರ್ ಚಪ್ಪಲಿ ಮೆಟ್ಟಿ ಬಂದಳು.

ಶಿಕಾರಿಪುರ, ಶಿರಾಳಕೊಪ್ಪ ದಾಟಿ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಮುಂದೆ ಇಳಿದಾಗ ಮಳೆ ಸಣ್ಣಗೆ ಜಿನುಗುತ್ತಿತ್ತು. ಉಳಿದ ಹದಿನಾರು ಜನ ಚಪ್ಪಲಿಯನ್ನು ಕಾಲಿನಿಂದ ಜಾಡಿಸಿ ಒಳಗೆ ನಡೆದರು. ನಾನು ಕಟ್ಟೆಯ ಮೇಲೆ ಕುಳಿತು ಎಡಗಾಲಿನಿಂದ ಆರಂಭಿಸಿದೆ. ಒಳಗಿನಿಂದ ಮೇಷ್ಟ್ರ ಧ್ವನಿ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಬಿಗಿದ ಬೂಟಿನಲ್ಲಿ ಜೋಮು ಹಿಡಿದ ಬಲಗಾಲನ್ನು ಎಳೆದುಕೊಂಡು, ಕಂಬವನ್ನು ಆಸರೆ ಹಿಡಿದು ಕುಂಟುತ್ತ ನಾನು ನವರಂಗಕ್ಕೆ ಬಂದ ಹೊತ್ತಿಗೆ ಸರಿಯಾಗಿ ಅವರು, "...ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರು, ಎಲ್ಲರಿಗೂ ಇಲ್ಲಿ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು" ಎಂದು ವಾಕ್ಯ ಮುಗಿಸಿದರು. ಹದಿನಾರು ಜನವೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಅದು ಈ ದೇವಾಲಯಕ್ಕೆ ಸೇರಿದ್ದ ಕಾಳಾಮುಖ ಶೈವರ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನದ ಮಾತೆಂದು ಆಮೇಲೆ ತಿಳಿಯಿತು. ಮಠದಲ್ಲಿ ವ್ಯಾಕರಣವನ್ನೂ ದರ್ಶನಗಳನ್ನೂ ಕಲಿಸುತ್ತಿದ್ದರೆಂಬ ಭಾಗ ನಾನು ಬಲಗಾಲು ಬಿಚ್ಚುತ್ತಿದ್ದಾಗ ಆಗಿಹೋಗಿತ್ತು. ನನ್ನ ಪಾಲಿಗೆ ಉಳಿದದ್ದು ಅನ್ನ, ಔಷಧ ಮಾತ್ರ.

ಮತ್ತೆ ಬೂಟು ಕಟ್ಟಿಕೊಂಡು ಓಡಿದ್ದು ಗಂಡಭೇರುಂಡ ಸ್ತಂಭದ ಬಳಿಗೆ. 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ ನಿಲ್ಲಿಸಿದ ಕಂಬವದು. ಸುಮಾರು ಮೂವತ್ತು ಅಡಿ ಎತ್ತರದ ಕಂಬದ ತುದಿಯಲ್ಲಿ ಎರಡು ತಲೆಯ ಹಕ್ಕಿ ಮನುಷ್ಯನ ಮೈ ತಳೆದು ನಿಂತಿದೆ. ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವುದೂ ಇದೇ ಜಾತಿಯ ಹಕ್ಕಿಯಾದ್ದರಿಂದ ಸರ್ಕಾರಿ ಕಾಗದ ಕಂಡವರಿಗೆಲ್ಲ ಅದರ ಪರಿಚಯವಿದೆ. ಬಯಲಿನಲ್ಲಿರುವ ಕಂಬವಾದ್ದರಿಂದ ಬೂಟು ಬಿಚ್ಚಬೇಕಾಗಿಲ್ಲವೆಂಬ ಸಂತೋಷದಲ್ಲಿ ನಾನು ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಮೇಲೆ ನೋಡಿದೆ. ಕತ್ತಿನ ಜೊತೆಗೆ ಕೊಡೆಯೂ ಹಿಂದಕ್ಕೆ ಬಾಗಿ, ಅದರ ಮೇಲೆ ನಿಂತಿದ್ದ ನೀರೆಲ್ಲ ಹಿಂದಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರ ಅಂಗಿಯ ಕಾಲರಿನೊಳಗೆ ಇಳಿಯಿತು. ಅವರು ಏನೂ ಹೇಳಲಿಲ್ಲ. ಆದರೆ ಆ ದಿನವಿಡೀ ಅವರು ನನ್ನ ಮುಂದೆಯೇ ನಿಂತರು ಮತ್ತು ಮೇಲೆ ನೋಡುವ ಒಂದು ಅವಕಾಶವನ್ನೂ ಬಿಡಲಿಲ್ಲ. ಸಾಲ ಬಡ್ಡಿ ಸಮೇತ ತೀರಿತು.

ತಾಳಗುಂದಕ್ಕೆ ಬರುವಷ್ಟರಲ್ಲಿ ನಾನು ಬುದ್ಧಿ ಕಲಿತಿದ್ದೆ. ವಾಹನದಲ್ಲಿಯೇ ಬೂಟು ಬಿಚ್ಚಿ, ಕಾಲುಚೀಲವನ್ನು ಜೇಬಿಗಿಟ್ಟು, ಬಾಗಿಲ ಬಳಿ ಸಜ್ಜಾಗಿ ಕುಳಿತೆ. ಪ್ರಣವೇಶ್ವರ ದೇವಾಲಯದ ಮುಂದೆ ಮೊದಲು ಇಳಿದವನು ನಾನೇ. ಆದರೆ ಮೇಷ್ಟ್ರು ಗುಡಿಯೊಳಕ್ಕೆ ಹೋಗದೆ ಹೊರಗಿನ ಶಾಸನಸ್ತಂಭದ ಎದುರು ನಿಂತು, ಅಲ್ಲಿಂದಲೇ ಕಥೆ ಆರಂಭಿಸುವುದಾಗಿ ಸಾರಿದರು. ನೆಲದಲ್ಲಿ ಚೂಪಾದ ಜಲ್ಲಿ, ನಡುನಡುವೆ ಕೆಸರು. ಎರಡು ನಿಮಿಷ ಒಂಟಿಕಾಲಿನ ಬಕಧ್ಯಾನ ಮಾಡಿ, ತಡೆಯಲಾರದೆ ವಾಹನಕ್ಕೆ ಮರಳಿ ಬೂಟು ಏರಿಸಿ, ಹದಿನಾಲ್ಕು ತೂತುಗಳನ್ನೂ ಬಿಗಿದು ಹಿಂತಿರುಗಿದಾಗ ಸ್ತಂಭದ ಸುತ್ತ ಯಾರೂ ಇರಲಿಲ್ಲ. ಎಲ್ಲರೂ ಚಪ್ಪಲಿ ಬಿಟ್ಟು ಗುಡಿಯೊಳಗೆ ಹೋಗಿದ್ದರು.

ಆದ್ದರಿಂದ ಕನ್ನಡ ನಾಡಿನ ಮೊದಲ ರಾಜವಂಶವೆನಿಸಿದ ಕದಂಬರ ಹುಟ್ಟನ್ನು ನಾನು ನನ್ನ ಹೆಂಡತಿಯ ಬಾಯಿಂದ ಸಂಕ್ಷೇಪದಲ್ಲಿ ಕೇಳಬೇಕಾಯಿತು. ಅವಳ ಸಂಕ್ಷೇಪಗಳು ಎಂತಹವೆಂದರೆ, ಮಹಾಭಾರತವನ್ನು ಅವಳು ಅಣ್ಣತಮ್ಮಂದಿರ ಆಸ್ತಿ ಜಗಳವೆಂದು ಹೇಳಿ ಮುಗಿಸಬಲ್ಲಳು.

"ಮಯೂರಶರ್ಮ ಎಂಬ ಹುಡುಗ ಅಜ್ಜನ ಜೊತೆ ಕಂಚಿಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು. ಸಿಟ್ಟಿನಿಂದ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ" ಎಂದಳು.

"ಅದನ್ನೆಲ್ಲ ಬರೆದವರು ಯಾರಂತೆ?"

"ಕುಬ್ಜ ಅಂತ ಒಬ್ಬ ಕವಿ. ಶಾಂತಿವರ್ಮನ ಕಾಲದವನು, ಐದನೆಯ ಶತಮಾನ. ಎಲ್ಲ ಸಂಸ್ಕೃತ ಶ್ಲೋಕ."

"ಮುಂದೆ?"

"ಮುಂದಿನದನ್ನು ಹೇಳುವಾಗ ನೀವು ಕಿಟಕಿಯಲ್ಲಿ ಕಾಣುತ್ತಿದ್ದಿರಿ. ಬೂಟು ಕಟ್ಟುತ್ತಿದ್ದಿರಿ. ಅದನ್ನು ನೋಡುತ್ತ ನಾನೂ ಕೇಳಿಸಿಕೊಳ್ಳಲಿಲ್ಲ."

2013ರ ಉತ್ಖನನದಲ್ಲಿ ಇಲ್ಲಿಯೇ ದೊರೆತ, ಕ್ರಿ.ಶ. 370ರ ಸುಮಾರಿನದೆಂದು ಪುರಾತತ್ತ್ವಜ್ಞರು ಕಾಲ ನಿರ್ಣಯಿಸಿರುವ ಸಿಂಹಕಟಾಂಜನದ, ಎಂದರೆ ಸಿಂಹವಿರುವ ಮೆಟ್ಟಿಲ ಪಕ್ಕದ ಕಟ್ಟೆಯ, ಶಾಸನದ ವಿಷಯವನ್ನು ಮಾತ್ರ ನಾನು ಪೂರ್ತಿಯಾಗಿ ಕೇಳಿದೆ. ಅದಕ್ಕೆ ಕಾರಣ ನನ್ನ ಚುರುಕಲ್ಲ. ಅಷ್ಟು ಹೊತ್ತಿಗೆ ಜೋರಾಗಿ ಮಳೆ ಸುರಿದು, ಎಲ್ಲರೂ ವಾಹನಕ್ಕೆ ಓಡಿ ಬಂದು, ಮೇಷ್ಟ್ರು ಮುಂದಿನ ಸೀಟಿನಲ್ಲಿ ಮಂಡಿಯೂರಿ ಹಿಂದಕ್ಕೆ ತಿರುಗಿ ಅಲ್ಲಿಂದಲೇ ಪಾಠ ಮಾಡಿದರು. ಸಂಸ್ಕೃತ, ಪ್ರಾಕೃತಗಳ ಕಾಲದಲ್ಲಿ ಒಂದೆರಡು ಕನ್ನಡ ಪದಗಳು ಕಲ್ಲಿನ ಮೇಲೆ ತಲೆಯೆತ್ತಿದ ಬಗೆಯನ್ನು ಹೇಳುವಾಗ ಅವರ ಧ್ವನಿ ಕಂಪಿಸಿತು. ಭಾವುಕತೆಯೆಂದು ನಾನು ತಿಳಿದೆ. ಅದು ಗಂಟಲು ಕಟ್ಟುವ ಮುನ್ಸೂಚನೆಯಾಗಿತ್ತು.

ಸೊರಬದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಮರದಡಿ ವಾಹನ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಜೊತೆಗೆ ಸಾಗರದ ಕಡೆಯ ಅಜ್ಜಿಯೊಬ್ಬರು ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ. ಎರಡನೆಯ ಮಿಡಿಯನ್ನು ಕಚ್ಚುತ್ತಿದ್ದಾಗ ನನ್ನ ಬಲಗಾಲಿನ ಬೆರಳುಗಳ ನಡುವೆ ತುರಿಕೆ ಆರಂಭವಾಯಿತು. ಬೂಟು ಬಿಚ್ಚಿ ನೋಡಿದರೆ ಕಾಲುಚೀಲ ಕೆಂಪಗಾಗಿತ್ತು, ಒಳಗೆ ಉಂಬಳವೊಂದು ಊಟ ಮುಗಿಸಿ ದಪ್ಪನಾಗಿ ಕುಳಿತಿತ್ತು. ಚಪ್ಪಲಿ ಹಾಕಿದ್ದ ಹದಿನಾರು ಜನರಲ್ಲಿ ಒಬ್ಬರಿಗೂ ಉಂಬಳ ಹತ್ತಿರಲಿಲ್ಲ. ಹತ್ತಿದ್ದರೂ ಅವರು ಕಂಡೊಡನೆ ಕಿತ್ತೆಸೆದಿರುತ್ತಿದ್ದರು. ನನ್ನದಕ್ಕೆ ಮಾತ್ರ ಬಾಗಿಲು ಹಾಕಿದ ಖಾಸಗಿ ಕೋಣೆ ಸಿಕ್ಕಿತ್ತು. ಅಜ್ಜಿ ತಮ್ಮ ಎಲೆ ಅಡಿಕೆಯ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಒಂದು ಚೂರು ಹಚ್ಚಿದೊಡನೆ ಅದು ಉದುರಿತು. "ಬೂಟಿನ ತೂತು ಇರುವುದು ಯಾತಕ್ಕೆ ಅಂದುಕೊಂಡಿದ್ದೀಯ ತಮ್ಮಾ? ಅದಕ್ಕೇ" ಎಂದು ಅವರು ಉಂಬಳದ ಕಡೆ ಬೆರಳು ತೋರಿಸಿದರು.

ಕೆಳದಿಗೆ ಬಂದಾಗ ಮೂರೂವರೆ ಗಂಟೆ. ಲೇಸು ಬೆಳಗಿನಿಂದ ನೆಂದು, ಕೆಸರು ಕುಡಿದು, ಗಂಟು ಕಲ್ಲಾಗಿತ್ತು. ರಾಮೇಶ್ವರ ದೇವಾಲಯದ ಹೊರಗೆ ಕುಳಿತು ಉಗುರಿನಿಂದ ಕೆರೆದೆ, ಬೀಗದ ಕೈಯಿಂದ ಇರಿದೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಹಲ್ಲಿನಿಂದಲೂ ಒಂದು ಕೈ ನೋಡಲು ಬಾಗಿದೆ. ಅರುವತ್ತೆರಡರ ಬೆನ್ನು ಅಷ್ಟು ದೂರ ಬರಲು ಒಪ್ಪಲಿಲ್ಲ. ಒಳಗಿನಿಂದ, ಈಗ ಸಾಕಷ್ಟು ಒಡೆದಿದ್ದ ಮೇಷ್ಟ್ರ ಧ್ವನಿಯಲ್ಲಿ, "...ಕೊನೆಗೆ ಔರಂಗಜೇಬನ ಸೈನ್ಯ ಹಿಂದಿರುಗಿತು" ಎಂಬ ವಾಕ್ಯ ತೇಲಿ ಬಂತು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಕೆಳದಿಯ ಚೆನ್ನಮ್ಮ ರಾಣಿಯ ಆಶ್ರಯ ಕೇಳಿದ್ದು, ಪರಿಣಾಮ ಏನಾದೀತೆಂದು ತಿಳಿದೂ ಅವಳು ಇಲ್ಲವೆನ್ನದೆ ಇದ್ದದ್ದು ನನಗೆ ಶಾಲೆಯಿಂದಲೇ ಗೊತ್ತಿದ್ದ ಕಥೆ. ಅದು ನಡೆದ ನಾಡಿನಲ್ಲಿ ಕುಳಿತು ಅದನ್ನು ಕೇಳಬೇಕೆಂದೇ ನಾನು ಬಂದದ್ದು. ಇಡೀ ಮೊಗಲ್ ಸೈನ್ಯವನ್ನು ತಡೆದ ನಾಡಿನಲ್ಲಿ ನನ್ನನ್ನು ಒಂದು ದಾರದ ಗಂಟು ತಡೆದು ಕೂರಿಸಿತ್ತು.

ಅಷ್ಟರಲ್ಲಿ ಅಜ್ಜಿ ಹೊರಗೆ ಬಂದರು. ವೀರಭದ್ರನ ಗುಡಿಯ ಛಾವಣಿಯಲ್ಲಿ ಇನ್ನೊಂದು ಗಂಡಭೇರುಂಡವಿದೆ, ಬಳ್ಳಿಗಾವಿಯದಕ್ಕಿಂತ ಇದು ಕತ್ತಿಗೆ ಹಿತ, ಬಂದು ನೋಡೆಂದು ಕರೆಯಲು ಬಂದವರು ನನ್ನ ಸ್ಥಿತಿಯನ್ನು ಕಂಡು ಮರುಮಾತಾಡದೆ ಸಂಚಿಯಿಂದ ಅಡಕತ್ತರಿ ತೆಗೆದರು. ಗೋಟಡಿಕೆಯನ್ನು ಎರಡು ಹೋಳು ಮಾಡುವಷ್ಟೇ ನಿರಾಯಾಸವಾಗಿ ಎರಡು ಬೂಟುಗಳ ಲೇಸನ್ನೂ ಕತ್ತರಿಸಿ, ಅಡಕತ್ತರಿಯನ್ನು ಸೆರಗಿಗೆ ಒರೆಸಿ, ಒಳಗಿಟ್ಟರು. ಹೊಸ ಲೇಸು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಆದರೆ ಬೆಳಗಿನಿಂದ ಮೊದಲ ಬಾರಿಗೆ ಪಾದಗಳಿಗೆ ಗಾಳಿ ತಾಗಿದ ಸುಖದಲ್ಲಿ ಮಾತು ಮರೆತುಹೋಯಿತು.

ಲೇಸಿಲ್ಲದ ಬೂಟು ನಾನು ಹೆಜ್ಜೆ ಇಟ್ಟರೂ ತಾನು ಹಿಂದೆಯೇ ಉಳಿಯುತ್ತಿತ್ತು. ಆದ್ದರಿಂದ ಅವೆರಡನ್ನೂ ಸೀಟಿನ ಕೆಳಗೆ ತಳ್ಳಿ, ಸಾಗರ ದಾಟಿ ಇಕ್ಕೇರಿಯಲ್ಲಿ ಬರಿಗಾಲಿನಲ್ಲಿ ಇಳಿದೆ. ಅಘೋರೇಶ್ವರ ದೇವಾಲಯದ ಎದುರು ಮಂಟಪದೊಳಗೆ ಒಂದು ಭಾರಿ ನಂದಿ ಮಲಗಿದೆ. ಮಳೆ ಮತ್ತೆ ಹಿಡಿದದ್ದರಿಂದ ಎಲ್ಲರೂ ಆ ಮಂಟಪದ ಆಸರೆಗೆ ನುಗ್ಗಿ, ನಂದಿಯ ಜೊತೆ ಒಬ್ಬೊಬ್ಬರಾಗಿ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತರು. ಬ್ಯಾಂಕ್ ಮ್ಯಾನೇಜರರು ಮಾತ್ರ ನನ್ನ ಕಡೆ ಒಮ್ಮೆ ನೋಡಿ, ಮಂಟಪದ ಅಂಚಿಗೆ ಬಂದು, ಕೊಡೆಯನ್ನು ಕೊಡವಿದರು. ನಾನು ನೆನೆಯುತ್ತಲೇ ಮೆಟ್ಟಿಲೇರಿ ಒಳಗೆ ಹೋದೆ. ಅಂದು ಮೊದಲ ಸಲ ನನಗೂ ಮೇಷ್ಟ್ರಿಗೂ ನಡುವೆ ಯಾರ ಬೆನ್ನೂ ಇರಲಿಲ್ಲ. ಹೊಯ್ಸಳ ಶೈಲಿ ಎಲ್ಲಿ ಮುಗಿದು ವಿಜಯನಗರ ಶೈಲಿ ಎಲ್ಲಿ ಆರಂಭವಾಗುತ್ತದೆ, ವರಾಹ ನಾಣ್ಯಕ್ಕೆ ಇಕ್ಕೇರಿಯ ಹೆಸರು ಹೇಗೆ ಅಂಟಿತು, ಎಲ್ಲವನ್ನೂ ಆದಿಯಿಂದ ಕೇಳಲು ಕೈಕಟ್ಟಿ ನಿಂತೆ.

ಮೇಷ್ಟ್ರು ಬಾಯಿ ತೆರೆದರು. ಗಾಳಿ ಬಂತು, ಧ್ವನಿ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ, ಗಂಟಲನ್ನು ಮುಟ್ಟಿ ತೋರಿಸಿ, ಕೈಯಾಡಿಸಿದರು. ಬೆಳಗಿನಿಂದ ಮಳೆಯ ಸದ್ದಿನ ಮೇಲೆ ಎರಡು ಸಾವಿರ ವರ್ಷಗಳ ಇತಿಹಾಸವನ್ನು ಕೂಗಿ ಹೇಳಿದ ಗಂಟಲು ಇಕ್ಕೇರಿಯ ಹೊಸ್ತಿಲಲ್ಲಿ ನಿಂತುಹೋಗಿತ್ತು. ಕೊನೆಗೆ ಕೊಡೆಯ ತುದಿಯಿಂದ ಗರ್ಭಗುಡಿಯ ಮುಂದಿನ ನೆಲವನ್ನು ತೋರಿಸಿದರು.

ನಾನು ಕಾಲಿಡಲಿದ್ದ ಕಲ್ಲಿನ ಮೇಲೆ ಮನುಷ್ಯರಿದ್ದರು. ಕೆಳದಿಯ ಮೂವರು ಅರಸರು ದೇವರಿಗೆ ಅಡ್ಡಬಿದ್ದಿರುವ ಉಬ್ಬುಶಿಲ್ಪಗಳು ಅವು, ಒಬ್ಬೊಬ್ಬರ ಬಳಿಯೂ ಹೆಸರು ಕೊರೆದಿದೆ. ಅವರಲ್ಲಿ ಹುಚ್ಚನೆಂಬ ಹೆಸರು ಹೊತ್ತವನ ಕೈಕಾಲುಗಳಿಗೆ ಸಂಕೋಲೆ ತೊಡಿಸಿ ಕೆತ್ತಿದ್ದಾರೆ. ಬೂಟು ಬಿಚ್ಚುವ ಅವಸರವಿಲ್ಲದೆ, ಹಿಂದಿನಿಂದ ಯಾರೂ ತಳ್ಳದೆ, ನಾನು ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದೆ. ಸಾಷ್ಟಾಂಗ ಬಿದ್ದವನಿಗೂ ಸಂಕೋಲೆಯಿಂದ ಬಿಡುಗಡೆ ಕೊಡದೆ ಕೆತ್ತಿದ ಆ ಶಿಲ್ಪಿಯ ಪ್ರಾಮಾಣಿಕತೆ ದೊಡ್ಡದು. ನಮ್ಮ ಕಾಲದ ಫೋಟೋಗ್ರಾಫರರಾಗಿದ್ದರೆ ಅದನ್ನು ಹೇಗಾದರೂ ಮರೆಮಾಡಿಬಿಡುತ್ತಿದ್ದರು.

ನನ್ನ ಹೆಂಡತಿ ಬಂದದ್ದು ಹತ್ತು ನಿಮಿಷದ ಮೇಲೆ. "ಮೇಷ್ಟ್ರು ಏನು ಹೇಳಿದರು?" ಎಂದು ಕೇಳಿದಳು.

"ಆರಂಭದಿಂದ ಎಲ್ಲವನ್ನೂ ಹೇಳಿದರು. ನೀನು ಫೋಟೋ ತೆಗೆಸಿಕೊಳ್ಳುತ್ತಿದ್ದೆ."

ಮೇಷ್ಟ್ರು ಇದನ್ನು ಅಲ್ಲಗಳೆಯಲು ಬಾಯಿ ತೆರೆದರು, ಅದೃಷ್ಟವಶಾತ್ ಸಾಧ್ಯವಾಗಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬಂದು ಸುತ್ತ ನೆರೆದಾಗ ನಾನು ನೆಲದ ಮೂವರನ್ನು ಒಬ್ಬೊಬ್ಬರಾಗಿ ತೋರಿಸಿ, ಮೇಷ್ಟ್ರ ಧಾಟಿಯಲ್ಲಿಯೇ ವಿವರಿಸತೊಡಗಿದೆ. ಎಲ್ಲರಿಗಿಂತ ಕೊನೆಗೆ, ಬಾಯಿತುಂಬ ಎಲೆ ಅಡಿಕೆಯೊಡನೆ ಅಜ್ಜಿ ಬಂದರು. ಬಾಗಿ, ಸಂಕೋಲೆ ತೊಟ್ಟವನನ್ನು ಹತ್ತಿರದಿಂದ ನೋಡಿ, "ಪಾಪ, ಇವನಿಗೂ ಬಿಚ್ಚಲಿಕ್ಕೆ ಆಗಲಿಲ್ಲವೇನೋ" ಎಂದು ಸಂಚಿಯೊಳಗೆ ಕೈ ಹಾಕಿದರು.