ಹದಿನಾರಕ್ಕೇ ಬುಂಡೆಸ್‌ಲಿಗಾ: ಮುಕೊಕೊ ವಿಷಯದಲ್ಲಿ ಆತುರವಾಯಿತಾ?

ಫುಟ್‌ಬಾಲ್ ಆಟಗಾರ ಯೂಸುಫಾ ಮುಕೊಕೊ ಹುಟ್ಟಿದ್ದು 2004ರ ನವೆಂಬರ್ 20ರಂದು, ಕ್ಯಾಮರೂನ್‌ನ ಯೌಂಡೆಯಲ್ಲಿ. 2014ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ಗೆ ಬಂದ. ಅಲ್ಲಿ ಸೇಂಟ್ ಪೌಲಿ ಕ್ಲಬ್‌ನ ಹುಡುಗರ ತಂಡದಲ್ಲಿ ಆಡಿದ. 2016ರಲ್ಲಿ ಬೊರುಸಿಯಾ ಡಾರ್ಟ್ಮಂಡ್ ಕ್ಲಬ್ ಅವನನ್ನು ಕರೆಸಿಕೊಂಡಿತು. ಹದಿನಾರು ತುಂಬಿದ ಮಾರನೇ ದಿನವೇ ಬುಂಡೆಸ್‌ಲಿಗಾ (ಜರ್ಮನಿಯ ಅತಿ ದೊಡ್ಡ ಲೀಗ್) ಪಂದ್ಯಕ್ಕೆ ಇಳಿದು, ಲೀಗ್ ಇತಿಹಾಸದ ಅತಿ ಕಿರಿಯ ಆಟಗಾರನಾದ. 2025ರಲ್ಲಿ ಡಾರ್ಟ್ಮಂಡ್ ಬಿಟ್ಟು ಡೆನ್ಮಾರ್ಕ್‌ನ ಎಫ್‌ಸಿ ಕೋಪನ್‌ಹೇಗನ್ ಸೇರಿದ. ಅಷ್ಟು ಚಿಕ್ಕವನನ್ನು ದೊಡ್ಡವರ ಜೊತೆ ಇಳಿಸಿದ್ದು ಸರಿಯಾ ಅನ್ನುವ ಮಾತು ಇನ್ನೂ ಮುಗಿದಿಲ್ಲ.

ಪರ: ಹೊಡೆಯುವ ಹುಡುಗನನ್ನು ಕಟ್ಟಿಹಾಕಬೇಕಿತ್ತಾ?

ಮೊದಲು ಅವನ ಲೆಕ್ಕ ನೋಡಿ. 2017-18ರಲ್ಲಿ 17 ವರ್ಷದೊಳಗಿನವರ ಲೀಗ್‌ನಲ್ಲಿ 25 ಪಂದ್ಯ, 37 ಗೋಲು. ಆ ಸೀಸನ್ ಶುರುವಾದಾಗ ಅವನಿಗೆ ಹನ್ನೆರಡು. ಮುಂದಿನ ವರ್ಷ ಅಷ್ಟೇ ಪಂದ್ಯಗಳಲ್ಲಿ 46 ಗೋಲು. ಆಮೇಲೆ 19 ವರ್ಷದೊಳಗಿನವರ ಲೀಗ್‌ಗೆ ಹೋದ. ಅಲ್ಲಿ 20 ಪಂದ್ಯಕ್ಕೆ 34 ಗೋಲು. ಎದುರು ನಿಂತ ಡಿಫೆಂಡರ್‌ಗಳು ಅವನಿಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಇನ್ನೂ ಒಂದು ವರ್ಷ ಅಲ್ಲೇ ಇಟ್ಟಿದ್ದರೆ ಏನಾಗುತ್ತಿತ್ತು? ಇನ್ನೊಂದು ನಲವತ್ತು ಗೋಲು ಹೊಡೆಯುತ್ತಿದ್ದ. ಹೊಸದಾಗಿ ಕಲಿಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

2020ರ ಏಪ್ರಿಲ್‌ನಲ್ಲಿ ಜರ್ಮನ್ ಲೀಗ್ ಕನಿಷ್ಠ ವಯಸ್ಸನ್ನು 16ಕ್ಕೆ ಇಳಿಸಿತು. ಇವನೊಬ್ಬನಿಗೋಸ್ಕರ ನಿಯಮ ಬದಲಾಯಿಸಿದರು ಅಂತ ಕೆಲವರು ಗೊಣಗಿದರು. ಹಳೆಯ ನಿಯಮವೇ ಇದ್ದಿದ್ದರೆ ಅವನು ಮುಂದಿನ ಸೀಸನ್‌ವರೆಗೆ ಕಾಯಬೇಕಿತ್ತು, ನಿಜ. ಆದರೆ ಆ ಒಂದು ವರ್ಷ ಕಾಯಿಸಿ ಏನು ಉಳಿಸುತ್ತಿದ್ದರು ಅಂತ ಯಾರೂ ಹೇಳಲಿಲ್ಲ. 2005ರಲ್ಲಿ ಇದೇ ಡಾರ್ಟ್ಮಂಡ್ ನೂರಿ ಶಾಹಿನ್‌ನನ್ನು 16 ವರ್ಷ 335 ದಿನಕ್ಕೆ ಇಳಿಸಿತ್ತು. ಆ ಹುಡುಗ ಲೀಗ್ ಗೆದ್ದ, ರಿಯಲ್ ಮ್ಯಾಡ್ರಿಡ್‌ಗೆ ಹೋದ, ಮುಂದೆ ಅದೇ ಡಾರ್ಟ್ಮಂಡ್‌ಗೆ ಕೋಚ್ ಆಗಿಯೂ ಬಂದ. ಬೇಗ ಶುರು ಮಾಡಿದವರೆಲ್ಲ ಬೇಗ ಸುಟ್ಟುಹೋಗುತ್ತಾರೆ ಅನ್ನುವುದು ಬರೀ ಭಯ.

ಇಳಿಸಿದ ರೀತಿಯನ್ನೂ ನೋಡಬೇಕು. 2020ರ ನವೆಂಬರ್ 21, ಬರ್ಲಿನ್‌ನ ಒಲಿಂಪಿಕ್ ಸ್ಟೇಡಿಯಂ. ಕೋವಿಡ್ ಇದ್ದುದರಿಂದ ಕೂಗಾಡುವ ಜನ ಇರಲಿಲ್ಲ. ಅಲ್ಲಿನ ಹೆರ್ಥಾ ಕ್ಲಬ್ ವಿರುದ್ಧ ಡಾರ್ಟ್ಮಂಡ್ ಆಗಲೇ ಐದು ಗೋಲು ಹೊಡೆದಾಗಿತ್ತು, ಅದರಲ್ಲಿ ನಾಲ್ಕು ತಂಡದ ಮುಖ್ಯ ಸ್ಟ್ರೈಕರ್ ಹಾಲಂಡ್ ಒಬ್ಬನದೇ. 85ನೇ ನಿಮಿಷದಲ್ಲಿ ಹಾಲಂಡ್ ಹೊರಗೆ ಬಂದ, ಮುಕೊಕೊ ಒಳಗೆ ಹೋದ. ಸೋಲುವ ಹೆದರಿಕೆ ಇಲ್ಲ, ಕಿವಿಗೆ ಬೀಳುವ ಬೈಗುಳ ಇಲ್ಲ, ಆಡಬೇಕಾದ್ದು ಕೊನೆಯ ಐದು ನಿಮಿಷ ಅಷ್ಟೇ. ಕೋಚ್ ಲುಸಿಯೆನ್ ಫಾವ್ರೆ ಇದಕ್ಕಿಂತ ಮೆತ್ತಗೆ ಇಳಿಸಲು ಸಾಧ್ಯವಿತ್ತಾ?

ಮೂರೇ ವಾರದಲ್ಲಿ ರಷ್ಯಾದ ಜೆನಿಟ್ ವಿರುದ್ಧ ಯುರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲೂ ಆಡಿ ಅಲ್ಲಿನ ಅತಿ ಕಿರಿಯನಾದ. ಆ ದಾಖಲೆ 2025ರಲ್ಲಿ ಆರ್ಸೆನಲ್‌ನ ಮ್ಯಾಕ್ಸ್ ಡೌಮನ್ ಮುರಿಯುವ ತನಕ ಉಳಿದಿತ್ತು. ಡಿಸೆಂಬರ್ 18ರಂದು ಯೂನಿಯನ್ ಬರ್ಲಿನ್ ಎದುರು ಎಡಗಾಲಲ್ಲಿ ಬೀಸಿ ಹೊಡೆದ. ಆಗ ಅವನಿಗೆ 16 ವರ್ಷ 28 ದಿನ, ಬುಂಡೆಸ್‌ಲಿಗಾದಲ್ಲಿ ಗೋಲು ಹೊಡೆದ ಅತಿ ಕಿರಿಯ. ಹಿಂದಿನ ದಾಖಲೆ ಅದೇ ವರ್ಷ ಜೂನ್‌ನಲ್ಲಿ 17 ವರ್ಷ 34 ದಿನದ ಫ್ಲೋರಿಯನ್ ವಿರ್ಟ್ಸ್ ಮಾಡಿದ್ದು. ವಿರ್ಟ್ಸ್ ಈಗ ಎಷ್ಟು ಎತ್ತರದಲ್ಲಿದ್ದಾನೆ ಅಂತ ಫುಟ್‌ಬಾಲ್ ನೋಡುವವರಿಗೆ ಹೇಳಬೇಕಿಲ್ಲ. ಬಯರ್ನ್ ಕ್ಲಬ್‌ನ ಜಮಾಲ್ ಮುಸಿಯಾಲಾ ಕೂಡ ಅದೇ 2020ರಲ್ಲಿ, 17ಕ್ಕೇ ಬಂದವನು.

ಹಾಗಾದರೆ ಮುಕೊಕೊ ಯಾಕೆ ಅಲ್ಲಿಗೇ ನಿಂತ? ಅದಕ್ಕೆ ವಯಸ್ಸಿನ ಹೊರಗೆ ಕಾರಣಗಳಿವೆ. 2021ರ ವಸಂತದಲ್ಲಿ ಕಾಲಿನ ಲಿಗಮೆಂಟ್‌ಗೆ ಪೆಟ್ಟಾಯಿತು. ಹಾಲಂಡ್ ಕ್ಲಬ್ ಬಿಟ್ಟ ಮೇಲೆ ಅವನ ಜಾಗಕ್ಕೆ ತಂದ ಹಾಲರ್ ಕ್ಯಾನ್ಸರ್ ಚಿಕಿತ್ಸೆಗೆ ಹೋದಾಗ ಇವನಿಗೆ ಜಾಗ ಸಿಕ್ಕಿತು, ಇವನು ಗೋಲು ಹೊಡೆದ, ಆ ಗೋಲುಗಳೇ ಇವನನ್ನು ಕತಾರ್ ವಿಶ್ವಕಪ್‌ಗೆ ಕರೆದುಕೊಂಡು ಹೋದವು. ಓಮನ್ ವಿರುದ್ಧ ಜರ್ಮನಿಗೆ ಮೊದಲ ಬಾರಿ ಆಡಿದಾಗ ಹದಿನೆಂಟು ತುಂಬಲು ಇನ್ನೂ ನಾಲ್ಕು ದಿನ ಬಾಕಿ. 1954ರ ಉವೆ ಜೇಲರ್ ನಂತರ ಅಷ್ಟು ಚಿಕ್ಕವರು ಯಾರೂ ಆ ಅಂಗಿ ತೊಟ್ಟಿರಲಿಲ್ಲ. ಹಾಲರ್ ವಾಪಸ್ ಬಂದ, ಮುಂದಿನ ಸೀಸನ್‌ಗೆ ಇನ್ನೊಬ್ಬ ಸ್ಟ್ರೈಕರ್ ಫುಲ್‌ಕ್ರುಗ್ ಬಂದ, ಇವನಿಗೆ ಬೆಂಚು. ಸೆಂಟರ್ ಫಾರ್ವರ್ಡ್ ಜಾಗ ಒಂದೇ ಇರುವುದು. ಮೂವತ್ತರ ಆಟಗಾರನಿಗೂ ಹೀಗೆ ಆಗುತ್ತದೆ. ಹದಿನಾರರ ಸಚಿನ್ ಕರಾಚಿಯಲ್ಲಿ ಬ್ಯಾಟ್ ಹಿಡಿದದ್ದಕ್ಕೆ ಹೆಮ್ಮೆಪಡುವ ನಾವು, ಇವನ ವಿಷಯದಲ್ಲಿ ಮಾತ್ರ ಅಯ್ಯೋ ಪಾಪ ಅನ್ನುವುದು ಯಾಕೆ?

ವಿರೋಧ: ಐದು ನಿಮಿಷ ಆಡಿಸುವುದಕ್ಕೆ ಅಷ್ಟು ಆತುರ ಯಾಕಿತ್ತು?

ಸಚಿನ್ ಹೆಸರು ಬರುತ್ತದೆ ಅಂತ ಗೊತ್ತಿತ್ತು. ಗೆದ್ದವರ ಹೆಸರು ಎಲ್ಲರಿಗೂ ನೆನಪಿರುತ್ತದೆ. ನಾನು ಇನ್ನೊಬ್ಬನ ಹೆಸರು ಹೇಳುತ್ತೇನೆ: ಸೆಬಾಸ್ಟಿಯನ್ ಡೈಸ್ಲರ್. 1998ರಲ್ಲಿ ಗ್ಲಾಡ್‌ಬಾಕ್ ತಂಡಕ್ಕೆ ಬುಂಡೆಸ್‌ಲಿಗಾದಲ್ಲಿ ಆಡಿದಾಗ ಅವನಿಗೆ 18. ಜರ್ಮನ್ ಫುಟ್‌ಬಾಲ್ ಸೊರಗಿದ್ದ ಕಾಲ ಅದು, ಎಲ್ಲರೂ ಸೇರಿ ಅವನನ್ನೇ ಕಾಪಾಡುವವನು ಅಂತ ತಲೆ ಮೇಲೆ ಹೊತ್ತುಕೊಂಡರು. ಮಂಡಿಗೆ ಮೇಲಿಂದ ಮೇಲೆ ಆಪರೇಷನ್, ಆಮೇಲೆ ಖಿನ್ನತೆ. 2007ರ ಜನವರಿಯಲ್ಲಿ, 27ಕ್ಕೆ, ಬಯರ್ನ್‌ನಲ್ಲಿದ್ದಾಗಲೇ ಆಟ ಬಿಟ್ಟ. ಕಾಲಿನಲ್ಲಿ ಕಲೆ ಇದೆಯಾ ಅಂತ ಎಲ್ಲರೂ ನೋಡಿದರು. ಹೊರೆ ಎಷ್ಟು ಹೊರಿಸುತ್ತಿದ್ದೇವೆ ಅಂತ ಯಾರೂ ನೋಡಲಿಲ್ಲ.

ಮುಕೊಕೊ ಮೇಲೆ ಆ ಹೊರೆ ಬಿದ್ದದ್ದು ಇನ್ನೂ ಮೊದಲೇ. 2017ರಲ್ಲಿ ಹನ್ನೆರಡರ ಹುಡುಗನನ್ನು 16 ವರ್ಷದೊಳಗಿನವರ ಜರ್ಮನ್ ತಂಡಕ್ಕೆ ಹಾಕಿ ಆಸ್ಟ್ರಿಯಾ ವಿರುದ್ಧ ಎರಡು ಪಂದ್ಯ ಆಡಿಸಿದರು. ಎದ್ದ ಗದ್ದಲ ನೋಡಿ ಜರ್ಮನ್ ಫುಟ್‌ಬಾಲ್ ಸಂಸ್ಥೆಯೇ ಹಿಂದೆ ಸರಿಯಿತು. ಹುಡುಗನನ್ನು ಕಾಪಾಡಬೇಕು, ಸದ್ಯ ಕರೆಯುವುದು ಬೇಡ ಅಂದಿತು. ಆ ಬುದ್ಧಿ ಅಲ್ಲಿಗೇ ನಿಲ್ಲಬಾರದಿತ್ತು. ಅವನ ವಯಸ್ಸು ಸುಳ್ಳು ಅನ್ನುವ ಗುಸುಗುಸು ಆಗಲೇ ಶುರುವಾಗಿತ್ತು. ಕ್ಲಬ್, ಸಂಸ್ಥೆ ಎರಡೂ ದಾಖಲೆ ಸರಿಯಿದೆ ಅಂದವು. ಆದರೂ ವರ್ಷಗಟ್ಟಲೆ ಆ ಮಾತು ಅವನ ಬೆನ್ನು ಬಿಡಲಿಲ್ಲ. ಪ್ರತಿ ಹೊಸ ದಾಖಲೆಗೂ ಅದೇ ಅನುಮಾನ ಮತ್ತೆ ತಲೆ ಎತ್ತುತ್ತಿತ್ತು. ದಾಖಲೆಗಳ ಹಿಂದೆ ಓಡಿದ್ದಕ್ಕೆ ತೆತ್ತ ಬೆಲೆಯಲ್ಲಿ ಇದೂ ಸೇರಿದೆ.

ಬರ್ಲಿನ್‌ನಲ್ಲಿ ಜನ ಇರಲಿಲ್ಲ, ಆದ್ದರಿಂದ ಒತ್ತಡ ಇರಲಿಲ್ಲ ಅನ್ನುತ್ತಾರೆ. ಜನ ಫೋನಿನಲ್ಲಿದ್ದರು, ಅಲ್ವಾ? ಒಂದು ತಿಂಗಳ ಹಿಂದಷ್ಟೇ, ಅಕ್ಟೋಬರ್‌ನಲ್ಲಿ, ಶಾಲ್ಕೆ ವಿರುದ್ಧದ ಕಿರಿಯರ ಪಂದ್ಯದಲ್ಲಿ ಇವನು ಮೂರು ಗೋಲು ಹೊಡೆದಿದ್ದ. ಅವತ್ತು ಪ್ರೇಕ್ಷಕರ ಕಟ್ಟೆಯಿಂದ ಬಂದ ಬೈಗುಳ ಎಷ್ಟು ಹೊಲಸಾಗಿತ್ತೆಂದರೆ ಶಾಲ್ಕೆ ಕ್ಲಬ್ ಕ್ಷಮೆ ಕೇಳಬೇಕಾಯಿತು. ಇನ್ನೂ ಹದಿನೈದು ಆ ಹುಡುಗನಿಗೆ. 2023ರಲ್ಲಿ 21 ವರ್ಷದೊಳಗಿನವರ ಯೂರೋ ಕಪ್‌ನಲ್ಲಿ ಇಸ್ರೇಲ್ ವಿರುದ್ಧ ಪೆನಾಲ್ಟಿ ತಪ್ಪಿಸಿದ. ಮತ್ತೆ ಅದೇ ಬೈಗುಳ, ಈ ಸಲ ಸೋಷಿಯಲ್ ಮೀಡಿಯಾದಲ್ಲಿ, ಬಣ್ಣದ ಮೇಲೆ. ಬೈದವರ ತಪ್ಪನ್ನು ಕ್ಲಬ್ ತಲೆಗೆ ಕಟ್ಟುತ್ತಿಲ್ಲ. ಆದರೆ ಇಂಥ ಜನ ಇರುವ ಕಡೆ ಮಗುವಿನ ಮುಖವನ್ನು ಪೋಸ್ಟರ್ ಮಾಡುವಾಗ ಎರಡು ಸಲ ಯೋಚಿಸಬೇಕಿತ್ತು.

ಇನ್ನು ಆಟದ ಮಾತು. ನನ್ನ ದೊಡ್ಡ ತಕರಾರು ಇಲ್ಲಿದೆ. ಹುಡುಗರ ಲೀಗ್‌ನಲ್ಲಿ ಕಲಿಯಲು ಏನೂ ಉಳಿದಿರಲಿಲ್ಲ ಅನ್ನುವುದು ಒಪ್ಪುವ ಮಾತೇ. ಅಲ್ಲಿಂದ ಕಳಿಸಿದ್ದು ಎಲ್ಲಿಗೆ? ಮೊದಲ ಸೀಸನ್‌ನಲ್ಲಿ ಬುಂಡೆಸ್‌ಲಿಗಾದಲ್ಲಿ 14 ಪಂದ್ಯ, 3 ಗೋಲು. ಅದರಲ್ಲೂ ಬೆಂಚಿನಿಂದ ಎದ್ದು ಬಂದದ್ದೇ ಜಾಸ್ತಿ. ವಾರಕ್ಕೆ ತೊಂಬತ್ತು ನಿಮಿಷ ಆಡಿ ಎರಡು ಗೋಲು ಹೊಡೆಯುತ್ತಿದ್ದವನು ಟ್ರ್ಯಾಕ್‌ಸೂಟ್ ಹಾಕಿಕೊಂಡು ಗಡಿಯಾರ ನೋಡುತ್ತಾ ಕೂತ. ಸ್ಟ್ರೈಕರ್‌ಗೆ ಬೇಕಾದ್ದು ಪಂದ್ಯ. ಮೊದಲ ಅವಕಾಶ ಕೈತಪ್ಪಿದರೂ ಇನ್ನೊಂದು ಬಂದೇ ಬರುತ್ತದೆ ಅನ್ನುವ ನೆಮ್ಮದಿ ಬೇಕು. ಕೊನೆಯ ಹತ್ತು ನಿಮಿಷಕ್ಕೆ ಇಳಿಯುವವನಿಗೆ ಸಿಗುವುದು ಒಂದೇ ಚೆಂಡು. ಅದನ್ನು ತಪ್ಪಿಸಿದರೆ ಮುಂದಿನ ವಾರ ಪೂರ್ತಿ ಅದೇ ತಲೆಯಲ್ಲಿ. ವಿರ್ಟ್ಸ್ ಜೊತೆ ಹೋಲಿಸುವವರು ಇದನ್ನು ಮರೆಯುತ್ತಾರೆ. ಕೋಲ್ನ್ ಕ್ಲಬ್‌ನಿಂದ ಲೆವರ್ಕುಸನ್ ಕ್ಲಬ್‌ಗೆ ಬಂದ ಸ್ವಲ್ಪ ದಿನಕ್ಕೇ ಅವನು ತಂಡದ ಮಾಮೂಲಿ ಆಟಗಾರ. ಹದಿನೆಂಟಕ್ಕೆ ಇಬ್ಬರೂ ಪ್ರಸಿದ್ಧರೇ, ಆದರೆ ಕಾಲಿನಲ್ಲಿ ಸೇರಿದ್ದ ಪಂದ್ಯಗಳ ಲೆಕ್ಕ ಬೇರೆ ಬೇರೆ.

ಬೇರೆ ದಾರಿ ಇರಲಿಲ್ಲವಾ? ಇತ್ತು, ಮನೆಯಲ್ಲೇ ಇತ್ತು. ಡಾರ್ಟ್ಮಂಡ್‌ನ ಎರಡನೇ ತಂಡ 2021ರಲ್ಲಿ ಮೂರನೇ ಡಿವಿಷನ್‌ಗೆ ಏರಿತು. ಗಂಡಸರ ಲೀಗ್, ಮೊಣಕೈ ತಿವಿತ ಬೇಕಾದಷ್ಟು, ಕ್ಯಾಮೆರಾ ಕಡಿಮೆ. ಅಲ್ಲಿ ಪೂರ್ತಿ ಒಂದು ಸೀಸನ್ ಆಡಿಸಿದ್ದರೆ ಹುಡುಗರ ಫುಟ್‌ಬಾಲಿಗೂ ಬುಂಡೆಸ್‌ಲಿಗಾಕ್ಕೂ ನಡುವೆ ಒಂದು ಮೆಟ್ಟಿಲಾದರೂ ಸಿಗುತ್ತಿತ್ತು. ಅದೂ ಬೇಡವೆಂದರೆ ಬೇರೆ ಕ್ಲಬ್‌ಗೆ ಸ್ವಲ್ಪ ಕಾಲದ ಮಟ್ಟಿಗೆ ಸಾಲ ಕೊಡಬಹುದಿತ್ತು. ಟೋನಿ ಕ್ರೋಸ್ 17ಕ್ಕೆ ಬಯರ್ನ್ ಪರ ಆಡಿದ, ಮೊದಲ ಪಂದ್ಯದಲ್ಲೇ ಮಿಂಚಿದ. ಆದರೂ ಬಯರ್ನ್ ಅವನನ್ನು ಬೆಂಚಿನಲ್ಲಿ ಕೊಳೆಸಲಿಲ್ಲ. 2009ರ ಜನವರಿಯಲ್ಲಿ ಲೆವರ್ಕುಸನ್‌ಗೆ ಕಳಿಸಿತು. 2009-10ರಲ್ಲಿ ಅಲ್ಲಿ 33 ಪಂದ್ಯ ಆಡಿ 9 ಗೋಲು ಹೊಡೆದು, ಆಟಗಾರನಾಗಿ ಮಾಗಿ ವಾಪಸ್ ಬಂದ.

ಮುಕೊಕೊನನ್ನು ಡಾರ್ಟ್ಮಂಡ್ ಮೊದಲ ಸಲ ಸಾಲಕ್ಕೆ ಕಳಿಸಿದ್ದು 2024ರ ಬೇಸಿಗೆಯಲ್ಲಿ, ಫ್ರಾನ್ಸ್‌ನ ನೀಸ್‌ಗೆ. ಬರ್ಲಿನ್‌ನ ಆ ಐದು ನಿಮಿಷ ಆಗಿ ಹತ್ತಿರ ಹತ್ತಿರ ನಾಲ್ಕು ವರ್ಷವಾಗಿತ್ತು. ಅಷ್ಟು ಹೊತ್ತಿಗೆ ಇವನು ವಿಶ್ವಕಪ್ ಆಡಿ ಬಂದವನು, ಹಳೆಯ ಹೆಸರು, ಹೋದ ಊರಿನವರಿಗೆ ಮೊದಲ ವಾರದಿಂದಲೇ ಗೋಲು ಬೇಕು. ಆ ಸೀಸನ್‌ನಲ್ಲಿ ಫ್ರೆಂಚ್ ಲೀಗ್‌ನಲ್ಲಿ ಹೊಡೆದದ್ದು ಎರಡೇ. ಹದಿನೇಳಕ್ಕೆ ಕಳಿಸಿದ್ದರೆ ಎರಡೇ ಗೋಲು ಹೊಡೆದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.