ಒಂದು ಟಿಬಿಗೆ ಎಷ್ಟು ಬಿತ್ತು, ಸ್ವಾಮಿ?

ಹಾರ್ಡ್ ಡಿಸ್ಕ್, ಚಿಪ್ಪಿನಲ್ಲಿ ಬರೆದಿಡುವ ಎಸ್‌ಎಸ್‌ಡಿ, ರ‍್ಯಾಮ್ ಅಗ್ಗಕ್ಕೆ ಹುಡುಕುವವರು ಮಾಡಬೇಕಾದದ್ದು ಒಂದೇ ಲೆಕ್ಕ. ಬೆಲೆಯನ್ನು ಗಾತ್ರದಿಂದ ಭಾಗಿಸಬೇಕು. ಒಂದು ಟಿಬಿಗೆ ಎಷ್ಟು ಬಿತ್ತು, ಒಂದು ಜಿಬಿಗೆ ಎಷ್ಟು ಬಿತ್ತು, ಮುಗೀತು. ನಾಲ್ಕನೇ ಕ್ಲಾಸಿನ ಮಗುವೂ ಮಾಡುವ ಭಾಗಾಕಾರ. ಆದರೆ ಇಷ್ಟು ಸುಲಭದ ಲೆಕ್ಕ ಗಿರಾಕಿಯ ಕೈಗೆ ಸಿಕ್ಕಿಬಿಟ್ಟರೆ ವ್ಯಾಪಾರ ನಡೆಯುವುದು ಹೇಗೆ? ಅದಕ್ಕೇ ಈ ಉದ್ಯಮ ವರ್ಷಗಟ್ಟಲೆ ಕಷ್ಟಪಟ್ಟು ಒಂದು ಏರ್ಪಾಡು ಮಾಡಿಕೊಂಡಿದೆ. ಮೇಲಿನ ಸಂಖ್ಯೆಯೂ ನಿಂತಲ್ಲಿ ನಿಲ್ಲಬಾರದು, ಕೆಳಗಿನ ಸಂಖ್ಯೆಯೂ ನಿಲ್ಲಬಾರದು.

ಕೆಳಗಿನದನ್ನೇ ಮೊದಲು ನೋಡೋಣ. ಡಬ್ಬಿಯ ಮೇಲೆ 1 ಟಿಬಿ, ಅಂದರೆ 1000 ಜಿಬಿ ಅಂತ ಇರುತ್ತದೆ. ವಿಂಡೋಸ್‌ಗೆ ಹಾಕಿ ನೋಡಿದರೆ 931 ಜಿಬಿ. ಉಳಿದ 69 ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಡಿಸ್ಕ್ ಮಾಡುವವರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ವಿಂಡೋಸ್ 1024ರಂತೆ ಎಣಿಸುತ್ತದೆ. ಇಬ್ಬರೂ ಪ್ರಾಮಾಣಿಕರೇ. ನಡುವೆ ಸಿಕ್ಕಿಕೊಂಡವರು ಮಾತ್ರ ನಾವು. ಮ್ಯಾಕ್ 2009ರಿಂದ ಸಾವಿರದ ಲೆಕ್ಕಕ್ಕೆ ಬಂದುಬಿಟ್ಟಿದೆ. ಹಾಗಾಗಿ ಡಿಸ್ಕ್ ದೊಡ್ಡದಾಗಬೇಕು ಅನ್ನಿಸಿದರೆ ಹೊಸ ಡಿಸ್ಕ್ ಬೇಕಾಗಿಲ್ಲ, ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಸಾಕು.

ರ‍್ಯಾಮ್ ವಿಷಯಕ್ಕೆ ಬಂದರೆ ಅಲ್ಲಿ ಎಲ್ಲರೂ 1024ರ ಲೆಕ್ಕದವರೇ. ಅಂದರೆ ಒಂದೇ ಬಿಲ್ಲಿನಲ್ಲಿ ರ‍್ಯಾಮಿನ ಜಿಬಿ ದೊಡ್ಡದು, ಡಿಸ್ಕಿನ ಜಿಬಿ ಚಿಕ್ಕದು. ಹಳೆಯ ಫ್ಲಾಪಿಯಂತೂ ಇಬ್ಬರನ್ನೂ ನೋಯಿಸಲಿಲ್ಲ. ಅದರ 1.44 ಎಂಬಿ ಬರುವುದು 1000 ಸಲ 1024 ಬೈಟಿಗೆ ಒಂದು ಎಂಬಿ ಎಂದು ಎಣಿಸಿದರೆ ಮಾತ್ರ. ಅರ್ಧ ಆ ಕಡೆಯದು, ಅರ್ಧ ಈ ಕಡೆಯದು. ಸಂಧಾನ ಅಂದರೆ ಇದು.

ಈ ಗೊಂದಲ ಬಗೆಹರಿಸಲು 1998ರಲ್ಲೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೊಂದು 1024ರ ಲೆಕ್ಕಕ್ಕೆ ಗಿಬಿಬೈಟ್, ಟೆಬಿಬೈಟ್ ಎಂಬ ಬೇರೆ ಹೆಸರುಗಳನ್ನೇ ಕೊಟ್ಟಿತು. ಲಿನಕ್ಸ್ ಮಂದಿ ಅದನ್ನು ಶ್ರದ್ಧೆಯಿಂದ ಬಳಸುತ್ತಾರೆ. ಉಳಿದ ಲೋಕ ಕೇಳಿಸಿಕೊಂಡ ಹಾಗೆ ಕಾಣುವುದಿಲ್ಲ. ಕೆಬಿ ಕಾಲದಲ್ಲಿ ಎರಡೂ ಲೆಕ್ಕಗಳ ಅಂತರ ಶೇ 2.4 ಇತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಟಿಬಿಗೆ ಬರುವಾಗ ಅದು ಶೇ 10ರ ಹತ್ತಿರ ಬಂದಿದೆ.

ಜಾಗ ಕಡಿಮೆ ಬಂತು ಅಂತ ಅಮೆರಿಕದಲ್ಲಿ ಕೆಲವರು ಕೋರ್ಟಿಗೂ ಹೋದರು. 2006ರಲ್ಲಿ ಡಿಸ್ಕ್ ಮಾಡುವ ವೆಸ್ಟರ್ನ್ ಡಿಜಿಟಲ್ ಕಂಪನಿ ರಾಜಿ ಮಾಡಿಕೊಂಡಿತು. ಪರಿಹಾರವಾಗಿ ಏನು ಕೊಟ್ಟಿತು ಗೊತ್ತಾ? ಬ್ಯಾಕಪ್ ಸಾಫ್ಟ್‌ವೇರ್. ಜಾಗ ಸಾಲದು ಎಂದವರಿಗೆ, ಇರುವ ಜಾಗವನ್ನು ಬೇಗ ತುಂಬಿಸುವ ಸಾಫ್ಟ್‌ವೇರ್! ಇಂಥದ್ದನ್ನು ಯೋಚಿಸಿದ ವಕೀಲರಿಗೆ ಒಂದು ನಮಸ್ಕಾರ.

ಸರಿ, ಜಿಬಿ ಎಂದರೆ ಎಷ್ಟು ಎಂದು ನೀವೇ ಒಂದು ತೀರ್ಮಾನಕ್ಕೆ ಬಂದಿರಿ ಅಂದುಕೊಳ್ಳೋಣ. ಎಲ್ಲವನ್ನೂ ಎಕ್ಸೆಲ್‌ನಲ್ಲಿ ತುಂಬಿಸಿ, ಟಿಬಿಗೆ ಬೀಳುವ ಬೆಲೆಯಂತೆ ಜೋಡಿಸಿದಿರಿ. ಪಟ್ಟಿಯ ತುದಿಯಲ್ಲಿ ಯಾರು ಬಂದು ಕೂರುತ್ತಾರೆ? ಕೇಳರಿಯದ ಹೆಸರಿನ 16 ಟಿಬಿ ಪೆನ್ ಡ್ರೈವ್. ಹೆಬ್ಬೆರಳಿನಷ್ಟಿರುತ್ತದೆ, ಬೆಲೆ ಪುಕ್ಕಟೆ ಅನ್ನಿಸುವಷ್ಟು. ಒಳಗಿರುವುದು ಎಷ್ಟೋ ಸಲ ಹತ್ತಾರು ಜಿಬಿ, ಅಷ್ಟೇ. ಕೇಳಿದವರಿಗೆಲ್ಲ 16 ಟಿಬಿ ಎಂದು ಹೇಳುವಂತೆ ಅದರೊಳಗಿನ ಸಾಫ್ಟ್‌ವೇರ್‌ಗೆ, ಅಂದರೆ ಫರ್ಮ್‌ವೇರ್‌ಗೆ, ಪಾಠ ಮಾಡಿರುತ್ತಾರೆ. ನೀವು ತುಂಬಿಸುತ್ತಾ ಹೋಗುತ್ತೀರಿ, ಅದು ಬೇಡ ಅನ್ನುವುದಿಲ್ಲ. ಫೈಲುಗಳ ಹೆಸರೆಲ್ಲ ಕಾಣುತ್ತವೆ, ಫೈಲುಗಳು ಮಾತ್ರ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ಸಾಧನಗಳಿವೆ. ಡ್ರೈವನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ನೋಡಿ, ಗುಟ್ಟು ಬಿಚ್ಚುತ್ತವೆ. ಕೊಂಡ ಮೇಲೆ ಮೊದಲು ಆ ಕೆಲಸ ಮಾಡಿ. ಇಷ್ಟಾದರೂ ಹೋಲಿಕೆಯ ಪಟ್ಟಿಯಲ್ಲಿ ಚಿನ್ನದ ಪದಕ ಯಾವಾಗಲೂ ಇದಕ್ಕೇ. ಗಣಿತ ಯಾರ ಮುಖವನ್ನೂ ನೋಡುವುದಿಲ್ಲ ನೋಡಿ.

ಈಗ ನನಗೆ ಅತಿ ಇಷ್ಟವಾದ ವಿಷಯ. ಒಂದು ಹಾರ್ಡ್ ಡಿಸ್ಕ್ ಬರಿದಾಗಿ ಕೊಂಡರೆ ಒಂದು ಬೆಲೆ. ಅದಕ್ಕೇ ಪ್ಲಾಸ್ಟಿಕ್ ಕವಚ ತೊಡಿಸಿ, ಯುಎಸ್‌ಬಿ ಸರ್ಕೀಟ್ ಸೇರಿಸಿ, ಕೇಬಲ್ ಕೊಟ್ಟು, ಪವರ್ ಅಡಾಪ್ಟರ್ ಇಟ್ಟು, ಅಂದದ ಡಬ್ಬಿಗೆ ಹಾಕಿ ಎಕ್ಸ್‌ಟರ್ನಲ್ ಎಂದು ಮಾರಿದರೆ ಎಷ್ಟೋ ಸಲ ಅದಕ್ಕಿಂತ ಕಡಿಮೆ ಬೆಲೆ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಇಲ್ಲಿ ಮೂಗುತಿ ಚುಚ್ಚಿದ ಕೂಡಲೇ ಮೂಗಿನ ಬೆಲೆಯೇ ಇಳಿಯುತ್ತದೆ. ಕಾರಣ ಕೇಳಿದರೆ ಬೇರೆ ಮಾರುಕಟ್ಟೆ, ಬೇರೆ ಗಿರಾಕಿ, ಬೇರೆ ವಾರಂಟಿ ಎಂದು ಹೇಳುತ್ತಾರೆ. ಇರಬಹುದು.

ಇದು ಗೊತ್ತಾದ ಮೇಲೆ ಲೆಕ್ಕದ ಮಂದಿ ಸುಮ್ನೆ ಇರುತ್ತಾರಾ? ಎಕ್ಸ್‌ಟರ್ನಲ್ ಕೊಂಡು, ಹಳೆಯ ಪ್ಲಾಸ್ಟಿಕ್ ಕಾರ್ಡನ್ನು ಸಂದಿಗೆ ತೂರಿಸಿ, ಕವಚ ಬಿಡಿಸಿ, ಒಳಗಿನ ಡಿಸ್ಕನ್ನು ಹೊರತೆಗೆಯುತ್ತಾರೆ. ಒಂದು ಕಾರ್ಖಾನೆಯವರು ಕೂಲಿ ಕೊಟ್ಟು ಜೋಡಿಸಿದ್ದನ್ನು ಇನ್ನೊಬ್ಬರು ರಜೆಯ ದಿನ ಕೂತು ಬಿಚ್ಚುತ್ತಾರೆ, ಇಬ್ಬರಿಗೂ ಲಾಭ. ಬಿಚ್ಚಿದ ಡಿಸ್ಕ್ ಕೆಲವೊಮ್ಮೆ ಕಂಪ್ಯೂಟರಿನಲ್ಲಿ ತಿರುಗುವುದೇ ಇಲ್ಲ. ಡಿಸ್ಕಿಗೆ ಕರೆಂಟು ಕೊಡುವ ಸಾಟಾ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಡಿಸ್ಕ್ ಆಫ್ ಆಗಿರಬೇಕು ಎಂಬುದು ಹೊಸ ನಿಯಮ. ಹಳೆಯ ಪವರ್ ಸಪ್ಲೈ ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಪರಿಹಾರ ಒಂದು ಚೂರು ಟೇಪ್. ಪಿನ್ನಿನ ಮೇಲೆ ಅಂಟಿಸಿದರೆ ಡಿಸ್ಕ್ ತಿರುಗುತ್ತದೆ. ಹೀಲಿಯಂ ತುಂಬಿದ, ನ್ಯಾನೋಮೀಟರ್ ಅಂತರದಲ್ಲಿ ಹೆಡ್ ಹಾರಾಡುವ ಯಂತ್ರ, ಕೊನೆಗೆ ನಿಂತಿರುವುದು ಕತ್ತರಿಸಿದ ಟೇಪಿನ ಮೇಲೆ.

ಇಷ್ಟೆಲ್ಲ ಆದ ಮೇಲೂ ಒಳಗಿನದು ನೀವು ಓದಿದ್ದೇ ಎಂದು ನಂಬುವ ಹಾಗಿಲ್ಲ. ಟ್ರ್ಯಾಕುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಒರಗಿಸಿ ಬರೆಯುವ ಎಸ್‌ಎಂಆರ್ ಎಂಬ ವಿಧಾನವಿದೆ. ಜಾಗ ಉಳಿಯುತ್ತದೆ, ಆದರೆ ಮತ್ತೆ ಮತ್ತೆ ಬರೆಯುವಾಗ ನಿಧಾನ. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳಲ್ಲಿ ಹೇಳದೆ ಕೇಳದೆ ಇದನ್ನು ಹಾಕಿದ್ದು 2020ರಲ್ಲಿ ಬಯಲಾಯಿತು. ಗಲಾಟೆ ಆದ ಮೇಲೆ ಹಳೆಯ ವಿಧಾನದ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಎಂದು ಹೆಸರಿಟ್ಟರು. ಮೊದಲು ಇದ್ದದ್ದೇ ಈಗ ಪ್ಲಸ್. 2021ರಲ್ಲಿ ಎಸ್‌ಎಸ್‌ಡಿಗಳ ಸರದಿ. ಅದೇ ಹೆಸರು, ಅದೇ ಡಬ್ಬಿ, ಒಳಗೆ ಮಾತ್ರ ಅಗ್ಗದ ಚಿಪ್. ವಿಮರ್ಶೆ ಬರೆದವರು ಹೊಗಳಿದ್ದು ಮೊದಲಿನದನ್ನು, ಮನೆಗೆ ಬಂದದ್ದು ಆಮೇಲಿನದು. ವೇಗದ ಬಗ್ಗೆ ಹೆಚ್ಚು ಹೇಳಲು ಹೋಗುವುದಿಲ್ಲ. ಸೆಕೆಂಡಿಗೆ 5 ಗಿಗಾಬಿಟ್ ಎಂಬ ಒಂದೇ ವೇಗ ಯುಎಸ್‌ಬಿ 3.0 ಆಗಿ ಹುಟ್ಟಿ, 3.1 ಜೆನ್ 1 ಆಗಿ, 3.2 ಜೆನ್ 1 ಆಗಿ ಎರಡು ಸಲ ಬಡ್ತಿ ಪಡೆದಿದೆ. ಕೂತ ಜಾಗದಿಂದ ಅಲುಗಾಡಿಲ್ಲ.

ಇನ್ನು ಮೇಲಿನ ಸಂಖ್ಯೆ, ಅಂದರೆ ಬೆಲೆ. ಇದು ಏರಲು ಎಲ್ಲಾದರೂ ಏನಾದರೂ ಆಗುತ್ತಲೇ ಇರಬೇಕು. 1993ರಲ್ಲಿ ಜಪಾನಿನ ನೀಹಾಮದಲ್ಲಿ ಸುಮಿಟೊಮೊ ಕೆಮಿಕಲ್‌ನ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಚಿಪ್‌ಗಳಿಗೆ ಕವಚ ಹಾಕುವ ಎಪಾಕ್ಸಿಯ ಕಚ್ಚಾ ರಾಳ ಅಲ್ಲಿಂದ ಬರುತ್ತಿತ್ತು, ರ‍್ಯಾಮ್ ಬೆಲೆ ಜಿಗಿಯಿತು. 2011ರಲ್ಲಿ ಥಾಯ್ಲೆಂಡಿನ ಪ್ರವಾಹಕ್ಕೆ ಡಿಸ್ಕ್ ಕಾರ್ಖಾನೆಗಳು ಮುಳುಗಿದವು. ಬೆಲೆ ಮಾತ್ರ ತೇಲಿತು. ನೀರು ಇಳಿದ ಮೇಲೂ ಬೆಲೆ ಇಳಿಯಲು ಬಹಳ ಕಾಲ ಹಿಡಿಯಿತು. 2021ರಲ್ಲಿ ಚಿಯಾ ಎಂಬ ಕ್ರಿಪ್ಟೋ ನಾಣ್ಯ ಬಂತು. ಡಿಸ್ಕಿನಲ್ಲಿ ಜಾಗ ಹಿಡಿದು ಕೂರುವುದೇ ಅದರ ಗಣಿಗಾರಿಕೆ. ಸುಮ್ಮನೆ ಕೂತು ದುಡ್ಡು ಮಾಡಬಹುದು ಎಂದು ಮಂದಿ ರಾಶಿ ರಾಶಿ ಡಿಸ್ಕ್ ಕೊಂಡರು.

ಏನೂ ಆಗದಿದ್ದರೆ? ಆಗ ಪರಸ್ಪರ ಮಾತಾಡಿಕೊಳ್ಳಬಹುದು. ಬೆಲೆ ಹೋಲಿಸುವುದು ಬಡಪಾಯಿ ಗಿರಾಕಿಯ ಚಾಳಿ ಎಂದುಕೊಂಡಿದ್ದೀರಾ? ಈ ಕಲೆಯಲ್ಲಿ ನಮ್ಮೆಲ್ಲರ ಗುರುಗಳು ರ‍್ಯಾಮ್ ತಯಾರಕರೇ. 1999ರಿಂದ 2002ರವರೆಗೆ ಅವರವರೇ ಬೆಲೆ ಹೋಲಿಸಿಕೊಂಡು, ಹೊಂದಿಸಿಕೊಂಡು ಕೂತಿದ್ದರು. ಅಮೆರಿಕ ಸರ್ಕಾರ ಹಿಡಿದಾಗ ಸ್ಯಾಮ್‌ಸಂಗ್ 30 ಕೋಟಿ ಡಾಲರ್ ದಂಡ ಕಟ್ಟಿತು, ಹೈನಿಕ್ಸ್ 18.5 ಕೋಟಿ, ಇನ್ಫಿನಿಯನ್ 16 ಕೋಟಿ. ಮೈಕ್ರಾನ್ ಮೊದಲೇ ಬಾಯಿಬಿಟ್ಟು ದಂಡದಿಂದ ಪಾರಾಯಿತು. ಯುರೋಪಿನವರು 2010ರಲ್ಲಿ ಬೇರೆಯಾಗಿ 33.1 ಕೋಟಿ ಯೂರೋ ವಸೂಲಿ ಹಾಕಿದರು. ನಾವು ಹೋಲಿಸಿದರೆ ಜಾಣತನ, ಅವರು ಹೋಲಿಸಿದರೆ ಅಪರಾಧ. ಇದು ಸ್ವಲ್ಪ ಅನ್ಯಾಯವೇ, ಅಲ್ವಾ? ಅವರ ಹೋಲಿಕೆಯಲ್ಲಿ ಒಂದು ಚೂರೂ ತಪ್ಪು ಇರಲಿಲ್ಲ. ಎಕ್ಸೆಲ್ ಪಟ್ಟಿಯೂ ಬೇಕಾಗಿರಲಿಲ್ಲ, ಒಂದು ಫೋನ್ ಕರೆ ಸಾಕಿತ್ತು.

ಹೀಗೆಲ್ಲ ಇದ್ದರೂ ಅಗ್ಗ ಹುಡುಕುವವರ ಬಳಿ ಒಂದು ಬ್ರಹ್ಮಾಸ್ತ್ರ ಇತ್ತು. ಕಾಯುವುದು. ಸ್ವಲ್ಪ ತಡೀರಿ, ಇಳಿಯುತ್ತೆ ಎನ್ನುವುದು. ದಶಕಗಟ್ಟಲೆ ಈ ಸಲಹೆ ಸುಳ್ಳಾಗಲಿಲ್ಲ. ತಾಳಿದವನು ಬಾಳಿದ. 2025ರ ಕೊನೆಯಲ್ಲಿ ಅದೂ ಕೈಕೊಟ್ಟಿತು. ಎಐ ಡೇಟಾ ಸೆಂಟರುಗಳು ಬಂದು ಮೆಮೊರಿಯನ್ನೆಲ್ಲ ಬಾಚಿಕೊಂಡವು. ಕೆಲವೇ ತಿಂಗಳಲ್ಲಿ ರ‍್ಯಾಮ್ ಬೆಲೆ ದುಪ್ಪಟ್ಟು ದಾಟಿತು. ಡಿಸೆಂಬರ್‌ನಲ್ಲಿ ಮೈಕ್ರಾನ್, ಮನೆಮಂದಿ ಕೊಳ್ಳುತ್ತಿದ್ದ ತನ್ನ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುತ್ತೇನೆ ಎಂದಿತು. ದೊಡ್ಡ ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಒಂದು ಜಿಬಿಗೆ ಎಷ್ಟು ಬಿತ್ತು ಎಂದು ಗೊಣಗುವ ನಮ್ಮ ಜೊತೆ ಯಾರು ಕಾಲ ಕಳೆಯುತ್ತಾರೆ?

ಕಾದವರು ಈಗಲೂ ಕಾಯುತ್ತಿದ್ದಾರೆ. ಹಿಂದುಮುಂದು ನೋಡದೆ, ಹೋಲಿಸದೆ, ಸಿಕ್ಕ ಬೆಲೆಗೆ ಎರಡು ವರ್ಷದ ಹಿಂದೆ 64 ಜಿಬಿ ರ‍್ಯಾಮ್ ಹಾಕಿಸಿಕೊಂಡ ದುಂದುಗಾರ ಮಾತ್ರ ಈಗ ಹೂಡಿಕೆದಾರ ಆಗಿಬಿಟ್ಟಿದ್ದಾನೆ. ಕೊಂಡದ್ದಕ್ಕಿಂತ ಜಾಸ್ತಿ ಬೆಲೆಗೆ ಹಳೆಯ ರ‍್ಯಾಮ್ ಮಾರಬಹುದು. ನಿಮ್ಮ ಬಳಿಯೂ ಇದ್ದರೆ ಬಿಚ್ಚಿ ಮಾರಿಬಿಡಿ, ಒಳ್ಳೆ ದುಡ್ಡು ಬರುತ್ತದೆ. ಆಮೇಲೆ ಕಂಪ್ಯೂಟರ್ ಆನ್ ಆಗುವುದಿಲ್ಲ, ಅಷ್ಟೇ.