ಮಲಗಿದವರಿಂದ ಗಳಿಸಲ್ಪಟ್ಟ ಹಣ

ಆ ಜಾಹೀರಾತು ನಿಮಗೂ ಬಂದಿರುತ್ತದೆ. ಬಿಳಿ ಸೋಫಾದಲ್ಲಿ ಒಬ್ಬ, ತೊಡೆಯ ಮೇಲೆ ಲ್ಯಾಪ್‌ಟಾಪ್, ಹಲ್ಲು ಪೂರ್ತಿ ಕಾಣುವ ನಗು. "ಒಂದು ಸಲ ಚಿತ್ರ ಮಾಡಿ, ಅಪ್‌ಲೋಡ್ ಮಾಡಿ, ಮರೆತುಬಿಡಿ. ನೀವು ನಿದ್ದೆ ಮಾಡುವಾಗಲೂ ದುಡ್ಡು ಬರ್ತಾನೇ ಇರುತ್ತೆ." ನಿನ್ನೆ ಒಂದೇ ದಿನ ನನಗೆ ಮೂರು ಸಲ ಬಂತು. ಮೂರನೆಯ ಸಲ ಬಂದಾಗ ರಾತ್ರಿ ಒಂದೂವರೆ. ನಾನು ಒಂದು ಮೇಜಿನ ಚಿತ್ರದ ಅಂಚು ಸರಿ ಮಾಡುತ್ತಾ ಕೂತಿದ್ದೆ. ನಿದ್ದೆ ಮಾಡುವವರಿಗೆ ದುಡ್ಡು ಬರುತ್ತದಂತೆ. ಎದ್ದಿರುವವರ ಬಗ್ಗೆ ಆತ ಏನೂ ಹೇಳಲಿಲ್ಲ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಹೆದರಿಸಿ ಹೋದರು. ಪಾಪ, ಅವರು ಕೂರುವುದನ್ನಷ್ಟೇ ನೋಡಿದ್ದರು. ಪೂರ್ತಿ ಮಲಗಿಬಿಟ್ಟರೆ ಕುಡಿಕೆ ತಾನಾಗಿ ತುಂಬಿಕೊಳ್ಳುತ್ತದೆ ಅನ್ನುವುದು ಅವರಿಗೆ ಹೊಳೆಯಲಿಲ್ಲ.

ಇದರ ಹೆಸರು ಪ್ಯಾಸಿವ್ ಇನ್‌ಕಮ್. ಕನ್ನಡಕ್ಕೆ ತರಲು ಹೊರಟವರು 'ನಿಷ್ಕ್ರಿಯ ಆದಾಯ' ಅಂದರು. ಕೇಳಿದ ತಕ್ಷಣ ವರ್ಷಗಟ್ಟಲೆ ಯಾರೂ ಮುಟ್ಟದ ಬ್ಯಾಂಕ್ ಖಾತೆ ಕಣ್ಣ ಮುಂದೆ ಬರುತ್ತದೆ. ಸರಿಯಾದ ಪದ ಶಾಲೆಯ ವ್ಯಾಕರಣ ಪುಸ್ತಕದಲ್ಲೇ ಇದೆ. ಆ್ಯಕ್ಟಿವ್ ವಾಯ್ಸ್ ಅಂದರೆ ಕರ್ತರಿ ಪ್ರಯೋಗ, ಪ್ಯಾಸಿವ್ ವಾಯ್ಸ್ ಅಂದರೆ ಕರ್ಮಣಿ ಪ್ರಯೋಗ. ಹಾಗಿದ್ದ ಮೇಲೆ ಇದು ಕರ್ಮಣಿ ಆದಾಯ. ಒಳಗೇ 'ಕರ್ಮ' ಇರುವುದರಿಂದ ಅರ್ಥ ಬಿಡಿಸಿ ಹೇಳುವ ಕಷ್ಟವೂ ಇಲ್ಲ. ಚಿತ್ರ ಬರೆಯಲ್ಪಟ್ಟಿತು. ಅಪ್‌ಲೋಡ್ ಮಾಡಲ್ಪಟ್ಟಿತು. ತಿರಸ್ಕರಿಸಲ್ಪಟ್ಟಿತು. ತಿದ್ದಲ್ಪಟ್ಟು ಮತ್ತೆ ಕಳಿಸಲ್ಪಟ್ಟಿತು. ಮಾರಲ್ಪಟ್ಟಿತು. ಕಮಿಷನ್ ಕತ್ತರಿಸಲ್ಪಟ್ಟಿತು. ಬರೆದವರು ಯಾರು, ಕತ್ತರಿಸಿದವರು ಯಾರು? ಕರ್ಮಣಿಯಲ್ಲಿ ಅದನ್ನೆಲ್ಲ ಹೇಳಲೇಬೇಕೆಂದಿಲ್ಲ. ಕನ್ನಡದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಮಾತಾಡುತ್ತಾರೆ ಸಾರ್, ಬಿಳಿ ಸೋಫಾ ಒಂದು ಬೇಕು ಅಷ್ಟೆ.

ಅಪ್‌ಲೋಡ್ ಮಾಡುವುದಕ್ಕೂ ಮರೆಯುವುದಕ್ಕೂ ನಡುವೆ ಒಂದು ಪುಟ್ಟ ಕೆಲಸವಿದೆ. ಸೋಫಾದವನು ಅದನ್ನು ಹಾರಿಸಿಬಿಟ್ಟ. ಕೀವರ್ಡ್. ನಿಮ್ಮ ಚಿತ್ರ ಹುಡುಕುವವರ ಕಣ್ಣಿಗೆ ಬೀಳಬೇಕಾದರೆ ಅದಕ್ಕೆ ಪದಗಳನ್ನು ಅಂಟಿಸಬೇಕು. ಚಿತ್ರಗಳನ್ನು ಮಾರುವ ಶಟರ್‌ಸ್ಟಾಕ್ ತಾಣದಲ್ಲಿ ಒಂದು ಚಿತ್ರಕ್ಕೆ 50 ಪದಗಳವರೆಗೆ ಕೊಡಬಹುದು. ಅಡೋಬಿ ಸ್ಟಾಕ್‌ನಲ್ಲಿ 49. ಆ ಒಂದು ಪದದ ಮಟ್ಟಿಗೆ ನಾನು ಅಡೋಬಿಗೆ ಋಣಿ.

ಒಂದು ಕೊಡೆ ಬರೆದೆ ಅಂದುಕೊಳ್ಳಿ. ಕೊಡೆ, ಛತ್ರಿ, ಮಳೆ, ಹನಿ, ಮೋಡ, ಹಿಡಿಕೆ. ಆರಕ್ಕೇ ಉಸಿರು ನಿಂತಿತು. ಕೆಂಪು. ಬಿಳಿ ಹಿನ್ನೆಲೆ. ಹವಾಮಾನ. ಆಮೇಲೆ ತತ್ವಜ್ಞಾನ ಶುರು: ರಕ್ಷಣೆ, ವಿಮೆ, ಭದ್ರತೆ, ಕುಟುಂಬ, ಭವಿಷ್ಯ, ಪರಿಕಲ್ಪನೆ. ಇಪ್ಪತ್ತೈದು ದಾಟುವಾಗ 'ಒಂಟಿತನ' ಬರುತ್ತದೆ. ಅದು ಕೊಡೆಗೆ ಹಾಕಿದ್ದೋ ನನಗೇ ಹಾಕಿಕೊಂಡಿದ್ದೋ ಗೊತ್ತಾಗುವುದಿಲ್ಲ. ಈ ಲೋಕದಲ್ಲಿ ಇನ್ನೊಂದು ವಿಚಿತ್ರ ಕೀವರ್ಡ್ ಇದೆ. ಚಿತ್ರದಲ್ಲಿ ಮನುಷ್ಯರು ಇಲ್ಲದಿದ್ದರೆ 'ಯಾರೂ ಇಲ್ಲ' ಅಂತ ಹಾಕಬೇಕು. ಜನರಿಲ್ಲದ ಚಿತ್ರವೇ ಬೇಕು ಅಂತ ಹುಡುಕುವವರೂ ಇರುತ್ತಾರಲ್ಲ, ಅವರಿಗಾಗಿ. ಮೊದಲ ಸಲ ಅದನ್ನು ಟೈಪ್ ಮಾಡುವಾಗ ನಗು ಬಂದಿತ್ತು.

ಕೊಡೆ ಕಳಿಸಿ ಆರು ದಿನಕ್ಕೆ ಒಂದು ತಾಣದಿಂದ ಉತ್ತರ ಬಂತು. ಇದೇ ಥರದ ಚಿತ್ರಗಳು ನಮ್ಮಲ್ಲಿ ಈಗಾಗಲೇ ಇವೆಯಂತೆ. ಕೊಡೆ ಅಲ್ವಾ ಸ್ವಾಮಿ, ಕೊಡೆಯ ಥರವೇ ಇರುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ, ಅದು ಬರುವುದಕ್ಕಿಂತ ಮುಂಚೆ. ಶಟರ್‌ಸ್ಟಾಕ್ 2020ರ ಜೂನ್‌ನಲ್ಲಿ ಹೊಸ ಲೆಕ್ಕ ತಂದಿದ್ದು ಈ ಕಸುಬಿನವರಿಗೆಲ್ಲ ನೆನಪಿದೆ. ಮಾರಾಟದಲ್ಲಿ ಕಲಾವಿದರ ಪಾಲು ಕೆಳಗಿನ ಮೆಟ್ಟಿಲಲ್ಲಿ ಶೇ. 15, ಮೇಲಿನ ಮೆಟ್ಟಿಲಲ್ಲಿ ಶೇ. 40. ಮೇಲೆ ತಲುಪಲು ವರ್ಷಕ್ಕೆ 25,000ಕ್ಕಿಂತ ಜಾಸ್ತಿ ಡೌನ್‌ಲೋಡ್ ಆಗಬೇಕು. ಒಂದು ಡೌನ್‌ಲೋಡಿಗೆ ಕನಿಷ್ಠ 10 ಸೆಂಟ್ ಗ್ಯಾರಂಟಿ. ನಿಜವಾದ ಕುಶಲತೆ ಇರುವುದು ಇನ್ನೊಂದು ನಿಯಮದಲ್ಲಿ. ಜನವರಿ 1 ಬಂದರೆ ಎಲ್ಲರೂ ಮತ್ತೆ ಮೊದಲ ಮೆಟ್ಟಿಲಿಗೆ. ಹಾವು ಏಣಿ ಆಟದಲ್ಲಾದರೂ ಹಾವು ಸಿಗದೆ ಪಾರಾಗುವ ಅವಕಾಶ ಇರುತ್ತದೆ. ಇಲ್ಲಿ ಹಾವು ಕ್ಯಾಲೆಂಡರಿನಲ್ಲೇ ಇದೆ. ಹೊಸ ವರ್ಷದ ಶುಭಾಶಯಗಳು.

ಬೇರೆ ಕಡೆ ಹೋಗೋಣ ಅಂದರೆ ಎಟ್ಸಿ ಅನ್ನುವ ಆನ್‌ಲೈನ್ ಸಂತೆ. ಅಲ್ಲಿ ಒಂದು ವಸ್ತುವನ್ನು ಅಂಗಡಿಯಲ್ಲಿ ಇಡಲು 20 ಸೆಂಟ್, ಅದೂ ನಾಲ್ಕು ತಿಂಗಳಿಗೆ. ಆಟೋ ರಿನ್ಯೂವಲ್ ಹಾಕಿಟ್ಟರೆ ಅವಧಿ ಮುಗಿದ ಕೂಡಲೇ ಮತ್ತೆ 20 ಸೆಂಟ್ ತಾನಾಗಿ ಹೋಗುತ್ತದೆ. ನೀವು ಮಲಗಿದ್ದಾಗಲೂ. ಜಾಹೀರಾತು ಸುಳ್ಳು ಹೇಳಲಿಲ್ಲ, ದುಡ್ಡು ಯಾವ ದಿಕ್ಕಿಗೆ ಹರಿಯುತ್ತದೆ ಅಂತ ಹೇಳಲಿಲ್ಲ ಅಷ್ಟೆ. 2022ರ ಏಪ್ರಿಲ್‌ನಲ್ಲಿ ಎಟ್ಸಿ ಮಾರಾಟದ ಮೇಲಿನ ಶುಲ್ಕವನ್ನು ಶೇ. 5ರಿಂದ 6.5ಕ್ಕೆ ಏರಿಸಿದಾಗ ಸಾವಿರಾರು ಜನ ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ನಿದ್ದೆಯಲ್ಲಿ ಗಳಿಸುವವರು ಮುಷ್ಕರ ಹೂಡುವುದು ಹೇಗೆ? ಎಚ್ಚರವಾಗಿರುವ ಮೂಲಕವೇ? ಶುಲ್ಕವಂತೂ ಇಳಿಯಲಿಲ್ಲ.

"ಆದರೆ ಬೀಪಲ್‌ನನ್ನು ನೋಡಿ" ಅನ್ನುತ್ತಾನೆ ಸೋಫಾದವನು. ನೋಡಿದೆ. 2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಈ ಅಮೆರಿಕನ್ ಕಲಾವಿದನ ಒಂದು ಡಿಜಿಟಲ್ ಕೃತಿ 6.9 ಕೋಟಿ ಡಾಲರಿಗೆ ಹೋಯಿತು. ಅದರೊಳಗೆ ಏನಿತ್ತು? ದಿನಕ್ಕೊಂದರಂತೆ, 2007ರಿಂದ ಒಂದು ದಿನವೂ ತಪ್ಪಿಸದೆ ಮಾಡಿದ 5000 ಚಿತ್ರಗಳು. ಒಂದು ಸಲ ಮಾಡಿ ಮರೆತುಬಿಡಿ ಅನ್ನುವ ಪಾಠಕ್ಕೆ ಈ ಮನುಷ್ಯನೇ ಬೇಕಿತ್ತಾ?

ಇಲ್ಲಿಯವರೆಗೆ ನಗಬಹುದು. 2022ರ ಅಕ್ಟೋಬರ್‌ನಲ್ಲಿ ಶಟರ್‌ಸ್ಟಾಕ್ ಒಂದು ಸುದ್ದಿ ಕೊಟ್ಟಿತು. ಪದ ಕೊಟ್ಟರೆ ಚಿತ್ರ ಮಾಡಿಕೊಡುವ ಓಪನ್‌ಎಐ ಯಂತ್ರ ತನ್ನ ತಾಣಕ್ಕೇ ಬರುತ್ತಿದೆ, ಅದನ್ನು ಕಲಿಸಲು 2021ರಿಂದಲೇ ತನ್ನ ಭಂಡಾರದಿಂದ ಚಿತ್ರಗಳು ಹೋಗಿವೆ ಅಂತ. ಕಲಾವಿದರಿಗೆ ಪಾಲು ಕೊಡಲು ಒಂದು ನಿಧಿ ಇಡುತ್ತೇವೆ ಅಂತಲೂ ಹೇಳಿತು. ಮುಂದಿನ ವರ್ಷ ಅಡೋಬಿಯದೇ ಅಂಥ ಯಂತ್ರ, ಫೈರ್‌ಫ್ಲೈ ಬಂತು. ಅದು ಕಲಿತದ್ದು ಮುಖ್ಯವಾಗಿ ಅಡೋಬಿ ಸ್ಟಾಕ್‌ನ ಚಿತ್ರಗಳಿಂದ.

ಯಂತ್ರಕ್ಕೆ ಬರೀ ಚಿತ್ರ ತೋರಿಸಿದರೆ ಸಾಲದು. ಇದು ಕೊಡೆ, ಇದು ಮಳೆ, ಇದು ಒಂಟಿತನ ಅಂತ ಪಕ್ಕದಲ್ಲಿ ಬರೆದಿರಬೇಕು. ಆ ಪದಗಳನ್ನು ಬರೆದವರು ಯಾರು? ರಾತ್ರಿ ಒಂದೂವರೆಗೆ ಕೂತು, ಒಂದೊಂದು ಚಿತ್ರಕ್ಕೆ ಐವತ್ತರಂತೆ, ವರ್ಷಗಟ್ಟಲೆ, ಪುಕ್ಕಟೆಯಾಗಿ ಟೈಪ್ ಮಾಡಿದವರು ಯಾರು? ನಾವು. ನಮ್ಮ ಜಾಗಕ್ಕೆ ಬರುವವನಿಗೆ ನಾವೇ ಅಕ್ಷರಾಭ್ಯಾಸ ಮಾಡಿಸಿದ್ದೇವೆ. ಅಪ್‌ಲೋಡ್ ಮಾಡುವಾಗ ಷರತ್ತುಗಳಿಗೆ ಒಪ್ಪಿದ್ದೀರಲ್ಲ ಅಂತ ಕೇಳಬೇಡಿ. ಒಪ್ಪಿದಾಗ ಅಂಥ ಯಂತ್ರವೇ ಇರಲಿಲ್ಲ. ಇದಕ್ಕೆ ವಿಡಂಬನೆ ಹೊಳೆಯುತ್ತಿಲ್ಲ. ಬರೀ ಸುಸ್ತಾಗುತ್ತದೆ.

ಸೋಫಾದವನು ಮಾತ್ರ ಸುಸ್ತಾಗಿಲ್ಲ. ಅವನ ಹೊಸ ಜಾಹೀರಾತಿನಲ್ಲಿ ಚಿತ್ರ ಬಿಡಿಸಲು ಬರಬೇಕೆಂದೇ ಇಲ್ಲ. ಯಂತ್ರವೇ ಚಿತ್ರ ಮಾಡುತ್ತದೆ, ಯಂತ್ರವೇ ಕೀವರ್ಡ್ ಹಾಕುತ್ತದೆ, ನೀವು ಅವನ ಕೋರ್ಸಿಗೆ ಸೇರಿದರೆ ಸಾಕು. ಕೆಳಗೆ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿದೆ. ರಿಯಾಯಿತಿ ಇನ್ನು 14 ನಿಮಿಷ ಮಾತ್ರ. ನಿನ್ನೆಯೂ 14 ನಿಮಿಷವೇ ಇತ್ತು.

ಮೇಜಿನ ಚಿತ್ರ ಅಂತೂ ಮುಗಿಯಿತು. ಮೇಜು, ಕುರ್ಚಿ, ಉರಿಯುವ ದೀಪ, ತೆರೆದ ಲ್ಯಾಪ್‌ಟಾಪ್, ಕಿಟಕಿಯಲ್ಲಿ ಕತ್ತಲೆ. ಎರಡೂಕಾಲಾಗಿದೆ. 48 ಪದ ಆದವು. ಇನ್ನೊಂದಕ್ಕೆ ಜಾಗವಿದೆ. 'ಯಾರೂ ಇಲ್ಲ' ಅಂತ ಹಾಕಿ ಸಬ್‌ಮಿಟ್ ಒತ್ತಿದೆ.